ದಾರಿ ನೀವು ಆರಿಸಿ, ತಿರುವು ಮ್ಯಾಪ್ ಹೇಳಲಿ: ಕಾರಿನಲ್ಲಿ ನ್ಯಾವಿಗೇಶನ್ ನಂಬಿ ಹೊರಡುವವರಿಗೆ

2024ರಲ್ಲಿ ಕೊಡಗಿನ ಊರೊಂದರಲ್ಲಿ ಜನ ರಸ್ತೆ ಬದಿಗೆ ಒಂದು ಬೋರ್ಡ್ ಹಾಕಿದರು. ಗೂಗಲ್ ಮ್ಯಾಪ್ ಹೇಳುವುದು ತಪ್ಪು, ಈ ರಸ್ತೆ ರೆಸಾರ್ಟಿಗೆ ಹೋಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದರ ಫೋಟೊ ನೋಡಿ ದೇಶವೆಲ್ಲ ನಕ್ಕಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಿಹಾರದಿಂದ ಗೋವಾಕ್ಕೆ ಹೊರಟಿದ್ದ ಕುಟುಂಬವೊಂದು ಮ್ಯಾಪ್ ತೋರಿಸಿದ ದಾರಿ ಹಿಡಿದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಗೆ ಸಿಕ್ಕಿಬಿದ್ದು, ರಾತ್ರಿ ಪೂರ್ತಿ ಕಾರಿನಲ್ಲೇ ಕಳೆಯಿತು. ಸಿಗ್ನಲ್ ಹುಡುಕಿಕೊಂಡು ನಾಲ್ಕು ಕಿ.ಮೀ.ಯಷ್ಟು ನಡೆದು 112ಕ್ಕೆ ಫೋನ್ ಮಾಡಿದ ಮೇಲೆ ಪೊಲೀಸರು ಬಂದು ಅವರನ್ನು ಹೊರಗೆ ಕರೆತಂದರು. ಇದಕ್ಕೆ ಯಾರೂ ನಗಲಿಲ್ಲ.

ಎರಡರ ಬೇರೂ ಒಂದೇ. ಮ್ಯಾಪ್‌ಗೆ ರಸ್ತೆಯ ಉದ್ದ ಗೊತ್ತು. ಆ ರಸ್ತೆಯಲ್ಲಿ ಜನರ ಫೋನ್‌ಗಳು ಯಾವ ವೇಗದಲ್ಲಿ ಚಲಿಸಿವೆ ಎನ್ನುವುದೂ ಗೊತ್ತು. ಎದುರಿಗೆ ಜೀಪು ಬಂದರೆ ಸರಿದು ನಿಲ್ಲಲು ಜಾಗ ಇದೆಯೇ, ಹಳ್ಳಕ್ಕೆ ಮೋರಿ ಹಾಕಿದ್ದಾರೆಯೇ, ಎಸ್ಟೇಟಿನ ಗೇಟಿಗೆ ಬೀಗ ಬಿದ್ದಿದೆಯೇ ಎನ್ನುವುದು ಅದಕ್ಕೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅರೆಬರೆ. ಹಾಗಾಗಿ ಈ ಲೇಖನದ ಸಲಹೆಗಳೆಲ್ಲ ಒಂದೇ ನಿಯಮದ ಮೇಲೆ ನಿಂತಿವೆ: ಯಾವ ದಾರಿಯಲ್ಲಿ ಹೋಗಬೇಕು ಎಂದು ಹೊರಡುವ ಮುಂಚೆ ನೀವೇ ತೀರ್ಮಾನಿಸಿ. ಆ ದಾರಿಯ ತಿರುವು, ದೂರ, ಟ್ರಾಫಿಕ್ ಹೇಳುವ ಕೆಲಸವನ್ನಷ್ಟೇ ಮ್ಯಾಪ್‌ಗೆ ಬಿಡಿ.

ಮೊದಲ ಹೆಜ್ಜೆ: ಊರಿನ ಹೆಸರು ಸಾಲದು, ಜಾಗ ಬೇಕು

ಕರ್ನಾಟಕದಲ್ಲಿ ಹೊಸಹಳ್ಳಿ, ರಾಮಪುರ, ಬಸವನಪುರಗಳಿಗೆ ಲೆಕ್ಕವಿಲ್ಲ. ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನು ಒತ್ತುವುದೇ ದಾರಿ ತಪ್ಪುವುದರ ಆರಂಭ. ಗೋವಾಕ್ಕೆ ಹೋಗುವವರಿಗೆ ಬೇಕಾದ ರಾಮನಗರ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿದೆ. ಹುಡುಕಿದಾಗ ಮೊದಲು ಬರುವುದು ಬೆಂಗಳೂರಿನ ಪಕ್ಕದ ರಾಮನಗರ. ಮದ್ದೂರು ಎಂದರೆ ವಡೆಯ ಮದ್ದೂರು ಮಂಡ್ಯ ಜಿಲ್ಲೆಯದು, ಬಂಡೀಪುರದ ಚೆಕ್‌ಪೋಸ್ಟ್ ಇರುವ ಮದ್ದೂರು ಗುಂಡ್ಲುಪೇಟೆ ತಾಲ್ಲೂಕಿನದು. ಸುಬ್ರಹ್ಮಣ್ಯ ದೇವಸ್ಥಾನ ಎಂದಷ್ಟೇ ಹಾಕಿದರೆ ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯವೂ ಬರಬಹುದು, ಸಹ್ಯಾದ್ರಿಯ ಆಚೆಯ ಕುಕ್ಕೆಯೂ ಬರಬಹುದು. ಹೆಸರಿನ ಜೊತೆ ತಾಲ್ಲೂಕಿನ ಹೆಸರನ್ನೂ ಟೈಪ್ ಮಾಡಿ. ಬಂದ ಉತ್ತರದಲ್ಲಿ ದೂರ ನೋಡಿ. ನೀವು ಅಂದುಕೊಂಡದ್ದಕ್ಕೂ ಅದು ತೋರಿಸಿದ್ದಕ್ಕೂ ಮೂವತ್ತು ಕಿ.ಮೀ. ವ್ಯತ್ಯಾಸ ಇದ್ದರೆ ಜಾಗವೇ ಬೇರೆ ಇರಬಹುದು.

ಮನೆ, ಹೋಮ್‌ಸ್ಟೇ, ಮದುವೆ ಛತ್ರಗಳಿಗಂತೂ ಹೆಸರು ಹಾಕಿ ಹುಡುಕುವುದೇ ಬೇಡ. ಅಲ್ಲಿರುವವರಿಗೆ ಫೋನ್ ಮಾಡಿ, "ಗೇಟಿನ ಎದುರು ನಿಂತುಕೊಂಡು ಲೊಕೇಶನ್ ಕಳಿಸಿ" ಎನ್ನಿ. ಗೇಟಿನ ಎದುರು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೊಡ್ಡ ತೋಟ, ಅಪಾರ್ಟ್‌ಮೆಂಟ್, ಆಸ್ಪತ್ರೆಗಳ ಪಿನ್ ಸಾಮಾನ್ಯವಾಗಿ ಜಾಗದ ನಡುಮಧ್ಯೆ ಇರುತ್ತದೆ. ಆ ಬಿಂದುವಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಮ್ಯಾಪ್ ಕರೆದೊಯ್ಯುತ್ತದೆ, ಅದು ಹಿಂಬದಿಯ ಕಾಂಪೌಂಡ್ ಗೋಡೆಯೇ ಆಗಿರಬಹುದು. ಗೋಡೆಯ ಪಕ್ಕ ನಿಲ್ಲಿಸಿ "ನೀವು ತಲುಪಿದ್ದೀರಿ" ಎಂದು ಗೂಗಲಕ್ಕ ಹೇಳುವುದು ಇದರಿಂದಲೇ.

ಲೊಕೇಶನ್ ಕಳಿಸಲು ಬಾರದ ಹಿರಿಯರಿದ್ದರೆ ಪ್ಲಸ್ ಕೋಡ್ ಸಹಾಯಕ್ಕೆ ಬರುತ್ತದೆ. ಮ್ಯಾಪಿನಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಪಿನ್ ಬೀಳುತ್ತದೆ, ಕೆಳಗಿನ ವಿವರದಲ್ಲಿ ಅಕ್ಷರ, ಅಂಕೆ ಮತ್ತು ಒಂದು ಕೂಡುವ ಚಿಹ್ನೆ ಇರುವ ಕೋಡ್ ಕಾಣುತ್ತದೆ. ಅದು ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ಗುರುತಿಸುತ್ತದೆ, ಅಂದರೆ ಒಂದು ಮನೆಯ ಅಂಗಳದಷ್ಟು. ಮನೆಯವರು ಯಾರಾದರೂ ಒಮ್ಮೆ ಅದನ್ನು ತೆಗೆದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರೆ ಸಾಕು, ಬರುವವರಿಗೆಲ್ಲ ಫೋನಿನಲ್ಲೇ ಓದಿ ಹೇಳಬಹುದು.

ದಾರಿ ಆರಿಸುವುದು: ಇಲ್ಲಿ ಹೆಚ್ಚು ಹೊತ್ತು ಕೊಡಿ

ಆ್ಯಪ್ ಎರಡು ಮೂರು ದಾರಿ ತೋರಿಸಿ, ಬೇಗ ತಲುಪಿಸುವುದಕ್ಕೆ ನೀಲಿ ಬಣ್ಣ ಹಾಕುತ್ತದೆ. ಆ ನೀಲಿಯನ್ನು ಒಪ್ಪುವ ಮುಂಚೆ ಒಂದು ಸರಳ ಲೆಕ್ಕ ಮಾಡಿ. ದೂರವನ್ನು ಸಮಯದಿಂದ ಭಾಗಿಸಿ. ಒಂದು ದಾರಿ 95 ಕಿ.ಮೀ., 2 ಗಂಟೆ ಎಂದಿಟ್ಟುಕೊಳ್ಳಿ. ಸರಾಸರಿ 47 ಕಿ.ಮೀ. ವೇಗ ಬಂತು. ಇನ್ನೊಂದು 74 ಕಿ.ಮೀ., 1 ಗಂಟೆ 55 ನಿಮಿಷ. ಸರಾಸರಿ 39ಕ್ಕೂ ಕಡಿಮೆ. ಇಪ್ಪತ್ತೊಂದು ಕಿ.ಮೀ. ಕಡಿಮೆಯಿದ್ದರೂ ಉಳಿಯುವುದು ಐದು ನಿಮಿಷ ಮಾತ್ರ ಎಂದರೆ ಆ ದಾರಿ ಚಿಕ್ಕದು, ತಿರುವಿನದು, ಹದಗೆಟ್ಟದ್ದು ಎಂದು ಆ್ಯಪ್ ತಾನೇ ಒಪ್ಪಿಕೊಂಡ ಹಾಗೆ. ಅಂಥ ಒಳರಸ್ತೆಯಲ್ಲಿ ಓಡಾಡುವ ಫೋನ್‌ಗಳು ಕಡಿಮೆ, ಆದ್ದರಿಂದ ಆ್ಯಪಿನ ಅಂದಾಜೂ ಸಡಿಲ. ಒಂದು ಟ್ರ್ಯಾಕ್ಟರ್ ಎದುರಾದರೆ ಉಳಿಸಿದ ಐದು ನಿಮಿಷ ಅಲ್ಲಿಗೇ ಮುಗಿಯಿತು. ಹೊಸಬರು ದೊಡ್ಡ ರಸ್ತೆಯಲ್ಲೇ ಹೋಗಲಿ.

ಎರಡನೆಯ ಪರೀಕ್ಷೆ ಜೂಮ್. ಮ್ಯಾಪನ್ನು ದೂರ ಸರಿಸುತ್ತಾ ಹೋದಂತೆ ಸಣ್ಣ ರಸ್ತೆಗಳು ಒಂದೊಂದಾಗಿ ಮಾಯವಾಗುತ್ತವೆ, ಹೆದ್ದಾರಿಗಳು ಉಳಿಯುತ್ತವೆ. ಇಡೀ ಜಿಲ್ಲೆ ಪರದೆಯಲ್ಲಿ ಕಂಡಾಗಲೂ ನಿಮ್ಮ ನೀಲಿ ಗೆರೆಯ ಕೆಳಗೆ ರಸ್ತೆ ಇದೆಯೇ, ಹೆದ್ದಾರಿಯ ಸಂಖ್ಯೆ ಕಾಣುತ್ತದೆಯೇ ನೋಡಿ. ಗೆರೆ ಮಾತ್ರ ಉಳಿದು ರಸ್ತೆ ಕಾಣದಿದ್ದರೆ ಅಷ್ಟು ಭಾಗವನ್ನು ಸ್ಯಾಟಲೈಟ್ ನೋಟದಲ್ಲಿ ಹಿಂಬಾಲಿಸಿ. ಬಯಲುಸೀಮೆಯಲ್ಲಿ ಮಣ್ಣಿನ ದಾರಿ ಕೆಂಪಗೆ ಎದ್ದು ಕಾಣುತ್ತದೆ. ಮಲೆನಾಡಿನಲ್ಲಿ ಮರದ ನೆರಳು ರಸ್ತೆಯನ್ನು ಮುಚ್ಚಿರುತ್ತದೆ, ಅಲ್ಲಿ ಹಳ್ಳ ದಾಟುವ ಜಾಗವನ್ನೇ ಹುಡುಕಿ ನೋಡಬೇಕು: ಎರಡೂ ದಡದಲ್ಲಿ ರಸ್ತೆ ಇದ್ದು ನಡುವೆ ನೀರು ಮಾತ್ರ ಕಂಡರೆ ಅಲ್ಲಿ ಸೇತುವೆ ಇಲ್ಲ, ಬೇಸಿಗೆಯಲ್ಲಿ ಜೀಪ್ ಇಳಿಸಿ ದಾಟುವ ಜಾಗ ಅದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಆದರೂ ಬಹಳ ಜನ ಬಳಸುವುದೇ ಇಲ್ಲ. ನೀವು ಆರಿಸಿದ ದಾರಿಯನ್ನು ಮ್ಯಾಪ್‌ಗೆ ಒಪ್ಪಿಸಲು ನಡುವಿನ ಊರುಗಳನ್ನು ಸ್ಟಾಪ್ ಆಗಿ ಸೇರಿಸಿ. ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ಜಾಗದ ಪಕ್ಕದ ಮೂರು ಚುಕ್ಕೆ ಒತ್ತಿದರೆ ಸ್ಟಾಪ್ ಸೇರಿಸುವ ಆಯ್ಕೆ ಬರುತ್ತದೆ, ಒಂಬತ್ತರವರೆಗೆ ಸೇರಿಸಬಹುದು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಚಾರ್ಮಾಡಿ ಮೇಲೆ ಹೋಗಬೇಕೆಂದಿದ್ದರೆ ಕೊಟ್ಟಿಗೆಹಾರ ಮತ್ತು ಉಜಿರೆ ಹಾಕಿ. ಶಿರಾಡಿ ಮೇಲೆ ಹೋಗಬೇಕೆಂದಿದ್ದರೆ ಸಕಲೇಶಪುರ, ಗುಂಡ್ಯ, ಪೆರಿಯಶಾಂತಿ ಹಾಕಿ. ಬೆಳಗಾವಿ ಕಡೆಯಿಂದ ಗೋವಾಕ್ಕಾದರೆ ಖಾನಾಪುರ, ಲೋಂಡಾ, ಆ ಜೋಯಿಡಾದ ರಾಮನಗರ, ಅನಮೋಡ ಹೀಗೆ ಹೆದ್ದಾರಿಯ ಊರುಗಳನ್ನೇ ಹಿಡಿಯಿರಿ. ಆಗ ನಡುದಾರಿಯಲ್ಲಿ ಆ್ಯಪ್‌ಗೆ ಭೀಮಗಡದ ಒಳದಾರಿ ನೆನಪಾದರೂ ನಿಮ್ಮನ್ನು ಅಲ್ಲಿಗೆ ಎಳೆಯಲು ಆಗುವುದಿಲ್ಲ. ಸ್ಟಾಪ್ ಇಡುವಾಗ ಊರಿನ ಹೆಸರಿಗಿಂತ ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕನ್ನೋ ಬಸ್ ನಿಲ್ದಾಣವನ್ನೋ ಇಡುವುದು ಒಳ್ಳೆಯದು. ಬರೀ ಊರಿನ ಹೆಸರಿಟ್ಟರೆ ಪಿನ್ ಊರೊಳಗೆ ಬಿದ್ದು, ಬೈಪಾಸ್ ಬಿಟ್ಟು ಸಂತೆಬೀದಿಗೆ ಇಳಿಸುತ್ತದೆ.

ದಾರಿಗಳನ್ನು ಆರಿಸಿದ ಮೇಲೆ ಒಂದು ಚೀಟಿಯಲ್ಲಿ ಊರುಗಳ ಹೆಸರನ್ನು ಸಾಲಾಗಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಮೈಲಿಗಲ್ಲಿನಲ್ಲಿ ಬರುವ ಹೆಸರು ಚೀಟಿಯಲ್ಲಿ ಇಲ್ಲದಿದ್ದರೆ ಅದೇ ಮೊದಲ ಎಚ್ಚರಿಕೆ.

ಬಿಟ್ಟುಹೋದ ಸ್ವಿಚ್ಚುಗಳು

"ಈ ಮ್ಯಾಪ್ ಯಾಕೋ ಗಲ್ಲಿಗಲ್ಲಿ ಸುತ್ತಿಸ್ತಾ ಇದೆ" ಎನ್ನುವವರ ಫೋನ್ ತೆರೆದು ನೋಡಿ. ಅನೇಕ ಸಲ ಕಾರಿನ ಚಿತ್ರದ ಬದಲು ಬೈಕಿನ ಚಿತ್ರ ಆಯ್ಕೆಯಾಗಿರುತ್ತದೆ. ದ್ವಿಚಕ್ರ ವಾಹನದ ಆಯ್ಕೆ 2017ರಲ್ಲಿ ಮೊದಲು ಬಂದದ್ದು ಭಾರತಕ್ಕೇ. ಕಾರು ಹಿಡಿಸದ ಓಣಿಯನ್ನೂ ಅದು ದಾರಿಯೆಂದೇ ಎಣಿಸುತ್ತದೆ. ವಾರವಿಡೀ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿ ಭಾನುವಾರ ಕಾರು ತೆಗೆಯುವವರಿಗೆ ಇದು ಮರೆತುಹೋಗುತ್ತದೆ.

ಅದೇ ಮೂರು ಚುಕ್ಕೆಯ ಒಳಗೆ ಹೆದ್ದಾರಿ ಬೇಡ, ಟೋಲ್ ಬೇಡ, ಫೆರ್ರಿ ಬೇಡ ಎನ್ನುವ ಆಯ್ಕೆಗಳಿವೆ. ಯಾವತ್ತೋ ನೈಸ್ ರಸ್ತೆಯ ಟೋಲ್ ತಪ್ಪಿಸಲು ಒತ್ತಿದ್ದು ಹಾಗೇ ಉಳಿದಿದ್ದರೆ, ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರೋಡಿನ ಹಂಪ್‌ಗಳ ಮೇಲೆ ಓಡಿಸುತ್ತದೆ. ಇಂಧನ ಉಳಿಸುವ ದಾರಿಗೆ ಆದ್ಯತೆ ಕೊಡುವ ಸ್ವಿಚ್ ಕೂಡ ಸೆಟ್ಟಿಂಗ್ಸ್‌ನಲ್ಲಿದೆ. ಪರಿಚಯವಿಲ್ಲದ ಊರಿಗೆ ಹೋಗುವಾಗ ಅದನ್ನು ಆಫ್ ಮಾಡಿಡಿ. ಫೋನಿನ ಬ್ಯಾಟರಿ ಸೇವರ್ ಕೂಡ ಆಫ್ ಇರಲಿ, ಅದು ಲೊಕೇಶನ್ ಹುಡುಕುವುದನ್ನೇ ಕಡಿಮೆ ಮಾಡಿ ಬಾಣವನ್ನು ಹಿಂದೆ ಬೀಳಿಸುತ್ತದೆ.

ಆಫ್‌ಲೈನ್ ಮ್ಯಾಪ್, ಅದರ ಮಿತಿ

ಘಾಟಿ, ಕಾಡು, ಕರಾವಳಿಯ ಒಳಭಾಗಗಳಲ್ಲಿ ನೆಟ್‌ವರ್ಕ್ ಹೋಗುವುದು ಖಚಿತ ಎಂದೇ ತಿಳಿದು ಹೊರಡಿ. ಮನೆಯ ವೈಫೈಯಲ್ಲಿದ್ದಾಗ ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್ ತೆರೆದು, ಚೌಕವನ್ನು ಹಿಗ್ಗಿಸಿ ಡೌನ್‌ಲೋಡ್ ಮಾಡಿ. ಹೋಗುವ ದಾರಿಯಷ್ಟೇ ಅಲ್ಲ, ಅದರ ಎರಡೂ ಪಕ್ಕದ ಒಂದೊಂದು ತಾಲ್ಲೂಕು ಚೌಕದೊಳಗೆ ಬರಲಿ. ದಾರಿ ತಪ್ಪಿದಾಗ ಬೇಕಾಗುವುದು ಪಕ್ಕದ ತಾಲ್ಲೂಕಿನ ನಕ್ಷೆ.

ಫೋನ್ ಸಿಗ್ನಲ್ ಇಲ್ಲದಿದ್ದರೆ ಜಿಪಿಎಸ್ಸೂ ಇಲ್ಲ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಜಿಪಿಎಸ್ ಸಂಕೇತ ಬರುವುದು ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ, ಅದಕ್ಕೆ ಸಿಮ್ ಬೇಕಿಲ್ಲ. ನೆಟ್‌ವರ್ಕ್ ಹೋದಾಗ ನಿಂತುಹೋಗುವುದು ನಕ್ಷೆಯ ಚಿತ್ರ ಮತ್ತು ಟ್ರಾಫಿಕ್ ಸುದ್ದಿ. ಆಫ್‌ಲೈನಿನಲ್ಲಿ ಕಾರಿನ ದಾರಿ ಸಿಗುತ್ತದೆ, ಟ್ರಾಫಿಕ್, ಬದಲಿ ದಾರಿ, ಯಾವ ಲೇನ್ ಎಂಬ ಸೂಚನೆ ಸಿಗುವುದಿಲ್ಲ. ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಇನ್ನೊಂದು ಆಫ್‌ಲೈನ್ ಆ್ಯಪ್ ಇಟ್ಟುಕೊಳ್ಳಿ. ಅದು ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತದೆ. ಎರಡು ನಕ್ಷೆಗಳು ಒಂದೇ ದಾರಿ ಹೇಳಿದರೆ ಸಮಾಧಾನ, ಬೇರೆ ಬೇರೆ ಹೇಳಿದರೆ ಆ ತುಂಡನ್ನು ವಿಚಾರಿಸಿಕೊಂಡು ಹೋಗಬೇಕು.

ಹಳೆಯ ಡೌನ್‌ಲೋಡ್ ನಂಬಬೇಡಿ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚಿನ ನಕ್ಷೆ ಫೋನಿನಲ್ಲಿದ್ದರೆ ಸಿಗಂದೂರಿಗೆ ಹೋಗುವವರನ್ನು ಅದು ಇನ್ನೂ ಲಾಂಚಿಗೇ ಕಳಿಸಬಹುದು. ಕಾರಿನಲ್ಲೇ ಕಂಪನಿಯವರು ಕೂಡಿಸಿ ಕೊಟ್ಟ ನ್ಯಾವಿಗೇಶನ್‌ಗಂತೂ ಈ ಕಾಯಿಲೆ ಜಾಸ್ತಿ. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ಮೂಲಕ ಅಪ್‌ಡೇಟ್ ಮಾಡಿಸದೆ ಹೋದರೆ, ಕಾರು ಕೊಂಡ ವರ್ಷದ ಕರ್ನಾಟಕವನ್ನೇ ಅದು ತೋರಿಸುತ್ತಿರುತ್ತದೆ.

ಗೇಟು ಹಾಕುವ ಹೊತ್ತು

ಕೆಲವು ರಸ್ತೆಗಳಿಗೆ ಗಡಿಯಾರವಿದೆ. ಬಂಡೀಪುರದೊಳಗೆ ಹಾದುಹೋಗುವ ಎರಡೂ ಹೆದ್ದಾರಿಗಳು, ಅಂದರೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ 766 ಮತ್ತು ಊಟಿ ಕಡೆಗೆ ಹೋಗುವ 181, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಮ್ಯಾಪ್ ಹಾಕಿದಾಗ ಎಲ್ಲವೂ ತೆರೆದಿರುವಂತೆಯೇ ಕಾಣಬಹುದು. ಊಟ, ಪಂಕ್ಚರ್, ಬಿಡದಿಯ ಇಡ್ಲಿ ಎಲ್ಲ ಸೇರಿ ಗುಂಡ್ಲುಪೇಟೆ ತಲುಪುವ ಹೊತ್ತಿಗೆ ಒಂಬತ್ತೂಕಾಲು ಆದರೆ ಚೆಕ್‌ಪೋಸ್ಟಿನಲ್ಲಿ ಬೆಳಗಿನವರೆಗೆ ಕೂರಬೇಕು. ಒಂಬತ್ತರ ಗೇಟಿಗೆ ಏಳೂವರೆಗೆ ಗುಂಡ್ಲುಪೇಟೆಯಲ್ಲಿರುವ ಹಾಗೆ ಲೆಕ್ಕ ಹಾಕಿ. ತಡವಾಗುವುದು ಮೈಸೂರಿನಲ್ಲೇ ಗೊತ್ತಾದರೆ ವಯನಾಡಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮೂಲಕ ಹೋಗುವ ದಾರಿ ಇದೆ. ನೀಲಗಿರಿಗೆ ಹೋಗುವವರಿಗೆ 2024ರ ಮೇ 7ರಿಂದ ಇ-ಪಾಸ್ ಪದ್ಧತಿ ಬಂದಿದೆ, ಮ್ಯಾಪ್ ಅದನ್ನು ನೆನಪಿಸುತ್ತದೆ ಎಂದು ಕಾಯಬೇಡಿ.

ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ, ದೇವಿಮನೆ ಘಾಟಿಗಳಲ್ಲಿ ಗುಡ್ಡ ಕುಸಿದರೆ ಜಿಲ್ಲಾಧಿಕಾರಿಗಳ ಆದೇಶದ ಮೇಲೆ ಸಂಚಾರ ನಿಲ್ಲುತ್ತದೆ, ಕೆಲವೊಮ್ಮೆ ಭಾರೀ ವಾಹನಕ್ಕೆ ಮಾತ್ರ, ಕೆಲವೊಮ್ಮೆ ರಾತ್ರಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಗ್ಗೆ ಆ ಜಿಲ್ಲೆಯ ಸುದ್ದಿ ನೋಡಿ. ಆ್ಯಪ್ ಹೇಳಿದ ಸಮಯಕ್ಕೆ ಘಾಟಿ ಇರುವ ದಿನ ಕಾಲು ಭಾಗ ಸೇರಿಸಿಕೊಳ್ಳಿ.

ಕಾರಿನೊಳಗಿನ ವ್ಯವಸ್ಥೆ

ಫೋನನ್ನು ಕೈಯಲ್ಲಿ ಹಿಡಿದು ಓಡಿಸುವುದು ಬೇಡವೇ ಬೇಡ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ ಬಳಸಬಹುದು. ಒಳ್ಳೆಯ ಹೋಲ್ಡರ್ ಹಾಕಿಸಿ. ಗಾಜಿಗೆ ಅಂಟಿಸುವ ಹೋಲ್ಡರ್ ಏಪ್ರಿಲ್ ಬಿಸಿಲಿಗೆ ಕಳಚಿ ಬೀಳುತ್ತದೆ, ಫೋನೂ ಕಾದು ಪರದೆ ಮಂಕಾಗುತ್ತದೆ. ಐಫೋನ್‌ಗೆ ಕಂಪನಿ ಹೇಳುವ ಮಿತಿ 35 ಡಿಗ್ರಿ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ನಮ್ಮ ಹವೆಗೆ ಒಳ್ಳೆಯದು.

ಚಾರ್ಜಿಗೆ ಹಾಕಿಯೂ ಬ್ಯಾಟರಿ ಇಳಿಯುತ್ತಿದ್ದರೆ ತಪ್ಪು ಫೋನಿನದಲ್ಲ. ಹಳೆಯ ಕಾರುಗಳ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಪರದೆ, ಜಿಪಿಎಸ್, ಡೇಟಾ ಮೂರೂ ಓಡುವಾಗ ಅದು ಸಾಲುವುದಿಲ್ಲ. 12 ವೋಲ್ಟಿನ ಸಾಕೆಟ್ಟಿಗೆ ಹಾಕುವ 18–20 ವ್ಯಾಟ್ ಚಾರ್ಜರ್ ತೆಗೆದುಕೊಳ್ಳಿ. ಫೋನಿನ ಮ್ಯಾಪನ್ನು ಕಾರಿನ ಪರದೆಗೆ ತರುವ ಆ್ಯಂಡ್ರಾಯ್ಡ್ ಆಟೋ ಪದೇ ಪದೇ ಕಡಿದುಹೋದರೆ ಮೊದಲು ಕೇಬಲ್ ಬದಲಿಸಿ: ಒಂದು ಮೀಟರಿಗಿಂತ ಚಿಕ್ಕದು, ಡೇಟಾ ಹಾಯುವಂಥದ್ದು ಬೇಕು. ಬರೀ ಚಾರ್ಜಿಗೆ ಮಾಡಿದ ಅಗ್ಗದ ಕೇಬಲ್ಲಿನಲ್ಲಿ ಅದು ಕೆಲಸ ಮಾಡುವುದೇ ಇಲ್ಲ.

ಮಾಲ್‌ನ ಬೇಸ್‌ಮೆಂಟಿನಿಂದ ಹೊರಬಂದ ತಕ್ಷಣ "ನೈರುತ್ಯಕ್ಕೆ ಸಾಗಿ" ಎಂದರೆ ಗಾಬರಿಯಾಗಬೇಡಿ. ನೆಲದಡಿ ಉಪಗ್ರಹ ಕಾಣುವುದಿಲ್ಲ, ನಿಂತ ಕಾರಿನ ಮುಖ ಯಾವ ಕಡೆ ಎಂದು ಫೋನಿಗೆ ಸರಿಯಾಗಿ ತಿಳಿಯುವುದೂ ಇಲ್ಲ. ರಸ್ತೆಗೆ ಬಂದು ಇಪ್ಪತ್ತು ಮೂವತ್ತು ಮೀಟರ್ ಸಾಗಿದರೆ ಬಾಣ ತಾನೇ ಸರಿಯಾಗುತ್ತದೆ. ಗೇಟಿನಿಂದ ಮೊದಲ ತಿರುವು ಎಡವೋ ಬಲವೋ ಎಂಬುದನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.

ಮೇಲೋ ಕೆಳಗೋ, ಒಳಗೋ ಹೊರಗೋ

ಬೆಂಗಳೂರಿನವರ ದೊಡ್ಡ ತಲೆನೋವು ಇದು. ಆಕಾಶ ತೆರೆದಿರುವ ಕಡೆ ಫೋನಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ತಪ್ಪು ಇನ್ನೂ ದೊಡ್ಡದು. ಎತ್ತರದ ಲೆಕ್ಕದಲ್ಲಂತೂ, ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ, ನಿಖರತೆ ಮತ್ತೂ ಕಡಿಮೆ. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿ ಎತ್ತರಿಸಿದ ಹೆದ್ದಾರಿಯ ಮೇಲಿದ್ದೀರೋ ಕೆಳಗೆ ಹೊಸೂರು ರಸ್ತೆಯಲ್ಲಿದ್ದೀರೋ ಎನ್ನುವುದು ಫೋನಿಗೆ ಗೊಂದಲ. ಬೊಮ್ಮನಹಳ್ಳಿಗೋ ಕೂಡ್ಲು ಗೇಟಿಗೋ ಹೋಗಬೇಕಾದವರು ಮೇಲೆ ಹತ್ತಿಬಿಟ್ಟರೆ ಇಳಿಯುವುದು ದೂರದಲ್ಲಿ. ಫ್ಲೈಓವರ್ ಹತ್ತಬೇಕೇ ಬೇಡವೇ ಎಂದು ಹೇಳುವ ಸೂಚನೆ 2024ರ ಜುಲೈಯಿಂದ ಭಾರತದ ಹಲವು ನಗರಗಳಿಗೆ ಬಂದಿದೆ. ಆದರೂ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ಸೂಚನೆ ಬರುವ ಮುಂಚೆಯೇ ಸರಿಯಾದ ಲೇನ್ ಹಿಡಿಯಬೇಕಾಗುತ್ತದೆ. ಹೊರಡುವ ಮುಂಚೆ ದಾರಿಯ ಪಟ್ಟಿಯಲ್ಲಿ ಇಂಥ ಎರಡು ಮೂರು ಜಾಗಗಳನ್ನು ಗುರುತಿಸಿ, ಜೂಮ್ ಮಾಡಿ ನೋಡಿಕೊಳ್ಳಿ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಇದೇ ಸಮಸ್ಯೆ ಅಡ್ಡಡ್ಡಲಾಗಿ ಬರುತ್ತದೆ. ಮುಖ್ಯರಸ್ತೆಗೂ ಸರ್ವಿಸ್ ರೋಡಿಗೂ ನಡುವೆ ಬೇಲಿ, ಅಂತರ ಕೆಲವೇ ಮೀಟರ್. ಫೋನ್ ನಿಮ್ಮನ್ನು ಸರ್ವಿಸ್ ರೋಡಿನಲ್ಲಿ ಇಟ್ಟುಕೊಂಡು "ಎಡಕ್ಕೆ ತಿರುಗಿ" ಎನ್ನುತ್ತದೆ, ನೀವು ನೋಡಿದರೆ ಎಡಕ್ಕೆ ಕಬ್ಬಿಣದ ತಡೆ. ಆಗ ವೇಗ ತಗ್ಗಿಸಿ ತಡಕಾಡಬೇಡಿ, ಹಿಂದಿನವರು ನೂರರ ಹತ್ತಿರ ಬರುತ್ತಿರುತ್ತಾರೆ. ಎಕ್ಸಿಟ್ ತಪ್ಪಿತೆಂದರೆ ಮುಂದಿನದಕ್ಕೆ ಹೋಗಿ. ರಿವರ್ಸ್ ಬರುವುದು, ವಿರುದ್ಧ ದಿಕ್ಕಿನಲ್ಲಿ ಸರ್ವಿಸ್ ರೋಡ್ ಹಿಡಿಯುವುದು ಜೀವಕ್ಕೆ ಕುತ್ತು. ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯದಲ್ಲಿ ಊಟಕ್ಕೆ ಇಳಿಯುವ ಯೋಚನೆಯಿದ್ದರೆ ಆ ಜಾಗವನ್ನೇ ಸ್ಟಾಪ್ ಮಾಡಿ, ಬೋರ್ಡ್ ನೋಡಿಕೊಂಡು ಎರಡು ಕಿ.ಮೀ. ಮುಂಚೆಯೇ ಎಡ ಲೇನಿಗೆ ಬನ್ನಿ.

ಧ್ವನಿ ತಡವಾಗಿ ಬರುತ್ತಿದೆಯೇ? ಬ್ಲೂಟೂತ್ ಸ್ಟೀರಿಯೊ ಎಚ್ಚೆತ್ತುಕೊಳ್ಳಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳಬಹುದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ, ಎರಡು ಸೆಕೆಂಡಿನಲ್ಲಿ 44 ಮೀಟರ್. ತಿರುವು ಅಷ್ಟರಲ್ಲಿ ಹಿಂದೆ ಉಳಿಯಿತು. ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನು ಬ್ಲೂಟೂತ್ ಮೇಲೆ ಕಳಿಸುವುದನ್ನು ಆಫ್ ಮಾಡಿ, ಫೋನಿನ ಸ್ಪೀಕರಿನಿಂದಲೇ ಕೇಳಿ. ಭಾಷೆಯ ಆಯ್ಕೆಯಲ್ಲಿ ಕನ್ನಡವಿದೆ, ಅದನ್ನೇ ಇಟ್ಟುಕೊಳ್ಳಿ. ಇಂಗ್ಲಿಷ್ ಧ್ವನಿ ನಮ್ಮ ಊರಿನ ಹೆಸರುಗಳನ್ನು ಗುರುತೇ ಸಿಗದಂತೆ ಉಚ್ಚರಿಸುತ್ತದೆ. ಡಾಕ್ಟರ್ ಎಂಬುದರ ಎರಡಕ್ಷರದ ಇಂಗ್ಲಿಷ್ ಸಂಕ್ಷೇಪವನ್ನು "ಡ್ರೈವ್" ಎಂದು ಓದಿ, ರಾಜ್‌ಕುಮಾರ್ ರಸ್ತೆಯಲ್ಲಿ ಕಾರಿನಲ್ಲಿದ್ದವರನ್ನೆಲ್ಲ ನಗಿಸುವುದೂ ಉಂಟು. ಮೈಸೂರಿನ ಸರ್ಕಲ್‌ಗಳಲ್ಲಿ "ಮೂರನೇ ಎಕ್ಸಿಟ್" ಎಂದರೆ ಎಡಗಡೆಯ ಮೊದಲ ರಸ್ತೆಯಿಂದ ಎಣಿಸಬೇಕು. ಸಣ್ಣ ಓಣಿಯನ್ನೂ ಅದು ಒಂದೆಂದು ಎಣಿಸಿರಬಹುದು, ಆದ್ದರಿಂದ ಎಣಿಕೆಯ ಜೊತೆ ಪರದೆಯ ಬಾಣವನ್ನು ಪಕ್ಕದಲ್ಲಿ ಕೂತವರು ನೋಡಿ ಹೇಳಲಿ. "ಇನ್ನೂ ಬೇಗ ತಲುಪುವ ದಾರಿ ಇದೆ" ಎಂದು ಪರದೆಯಲ್ಲಿ ಬಂದಾಗ ಒಪ್ಪುವ, ಬೇಡವೆನ್ನುವ ಕೆಲಸವೂ ಅವರದೇ. ಹತ್ತು ನಿಮಿಷಕ್ಕಿಂತ ಕಡಿಮೆ ಉಳಿಯುವುದಾದರೆ ಬೇಡ ಎನ್ನುವುದು ಕ್ಷೇಮ.

ದಾರಿ ಕೆಡುತ್ತಿದೆ ಎನಿಸಿದಾಗ

ಲಕ್ಷಣಗಳು ಹೀಗಿರುತ್ತವೆ: ಡಾಂಬರು ಹೋಗಿ ಕಾಂಕ್ರೀಟು, ಕಾಂಕ್ರೀಟು ಹೋಗಿ ಮಣ್ಣು, ಮೈಲಿಗಲ್ಲು, ವಿದ್ಯುತ್ ಕಂಬ, ಬಸ್ ತಂಗುದಾಣ ಒಂದೊಂದಾಗಿ ಕಾಣೆ, ರಸ್ತೆ ನಡುವೆ ಹುಲ್ಲು. ನಡುವೆ ಹುಲ್ಲು ಬೆಳೆದಿದ್ದರೆ ಅಲ್ಲಿ ಕಾರು ಓಡಾಡುವುದು ಅಪರೂಪ. ಎರಡು ಲಕ್ಷಣ ಒಟ್ಟಿಗೆ ಕಂಡರೆ ನಿಲ್ಲಿಸಿ, ತಿರುಗಿಸಲು ಜಾಗ ಇರುವಾಗಲೇ ತಿರುಗಿಸಿ. ಕಡಿದಾದ ಮಣ್ಣಿನ ಇಳಿಜಾರಿಗೆ "ಇಳಿದು ನೋಡೋಣ" ಎಂದು ಕಾರು ಇಳಿಸಬೇಡಿ, ಮಳೆ ಬಂದ ಮೇಲೆ ಎಂಜಿನ್ ಬಲ ಮುಂಚಕ್ರಕ್ಕೆ ಮಾತ್ರ ಹೋಗುವ ಕಾರು ಅದೇ ಇಳಿಜಾರನ್ನು ಹತ್ತುವುದಿಲ್ಲ. ಬೇಕಿದ್ದರೆ ಒಬ್ಬರು ನಡೆದು ಹೋಗಿ ನೋಡಿ ಬರಲಿ.

ಜನರನ್ನು ಕೇಳುವುದಕ್ಕೂ ಕ್ರಮವಿದೆ. "ಇದು ಶೃಂಗೇರಿಗೆ ಹೋಗುತ್ತಾ?" ಎಂದು ಕೇಳಿದರೆ ಹೌದು ಎನ್ನುತ್ತಾರೆ, ಕಾಲುದಾರಿಯೂ ಶೃಂಗೇರಿಗೆ ಹೋಗುತ್ತದಲ್ಲ. "ಅಣ್ಣಾ, ಶೃಂಗೇರಿಗೆ ಬಸ್ಸು ಯಾವ ಕಡೆಯಿಂದ ಹೋಗ್ತದೆ?" ಎಂದು ಕೇಳಿ. ಬಸ್ಸು ಹೋಗುವ ದಾರಿಯಲ್ಲಿ ಕಾರು ಹೋಗಿಯೇ ಹೋಗುತ್ತದೆ. ಕೇಳುವುದಾದರೆ ಆಟೊ ಸ್ಟ್ಯಾಂಡ್, ಪೆಟ್ರೋಲ್ ಬಂಕ್, ಹಾಲಿನ ಡೈರಿ, ಪಿಕಪ್ ಓಡಿಸುವವರು ಒಳ್ಳೆಯವರು. ಬೈಕಿನ ಹುಡುಗರ ಲೆಕ್ಕ ಬೈಕಿನದು.

ನೀರಿನ ವಿಷಯದಲ್ಲಿ ಒಂದೇ ಉತ್ತರ: ಹರಿಯುವ ನೀರು ರಸ್ತೆ ಮೇಲಿದ್ದರೆ ದಾಟಬೇಡಿ. ಒಂದಡಿ ಆಳದ ರಭಸದ ನೀರು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ನೀರು ದೊಡ್ಡ ಗಾಡಿಯನ್ನೂ ಎಳೆದೊಯ್ಯುತ್ತದೆ. 2024ರ ಜೂನ್‌ನಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕದ ಆಸ್ಪತ್ರೆಗೆಂದು ಬೆಳಗಿನ ಜಾವ ಹೊರಟ ಇಬ್ಬರು ಯುವಕರು, ಮ್ಯಾಪ್ ತೋರಿಸಿದ ಕಿರಿದಾದ ದಾರಿಯಲ್ಲಿ ತಡೆಗೋಡೆಯಿಲ್ಲದ ಸೇತುವೆ ನೀರಿನಲ್ಲಿ ಮುಳುಗಿದ್ದು ತಿಳಿಯದೆ ನದಿಗೆ ಬಿದ್ದರು. ಮರ ಹಿಡಿದುಕೊಂಡು ಬದುಕಿದರು. ಅದೇ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಪಾತ್ರಕ್ಕೆ ಬಿದ್ದು ಮೂವರು ಸತ್ತರು. ಅಲ್ಲಿ ತಡೆ ಇರಲಿಲ್ಲ, ನಕ್ಷೆಯಲ್ಲಿ ಸೇತುವೆ ಪೂರ್ತಿಯಾಗಿತ್ತು. ರಾತ್ರಿ ಹೊಸ ರಸ್ತೆಯಲ್ಲಿ ಎದುರಿನಿಂದ ಒಂದೂ ಗಾಡಿ ಬಾರದೆ ಬಹಳ ಹೊತ್ತಾದರೆ, ಮುಂದೆ ರಸ್ತೆ ಇಲ್ಲದಿರಬಹುದು ಎಂದೇ ಎಣಿಸಿ ನಿಧಾನಿಸಿ.

ಪೂರ್ತಿ ಸಿಕ್ಕಿಬಿದ್ದರೆ ಕಾರಿನಲ್ಲೇ ಇರಿ, ದೀಪ ಹಾಕಿಡಿ, 112ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಇದ್ದರೆ ತುರ್ತು ಕರೆ ಹೋಗಬಹುದು. ಮ್ಯಾಪಿನ ನೀಲಿ ಚುಕ್ಕೆಯ ಮೇಲೆ ಒತ್ತಿ ಅಕ್ಷಾಂಶ, ರೇಖಾಂಶದ ಅಂಕೆಗಳನ್ನು ಓದಿ ಹೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033.

ತಿದ್ದಿ ಬಿಡಿ

ತಪ್ಪು ದಾರಿಯಿಂದ ಪಾರಾಗಿ ಮನೆ ಸೇರಿದ ಮೇಲೆ ಹತ್ತು ನಿಮಿಷ ಕೊಟ್ಟು ಆ ರಸ್ತೆಯನ್ನು ವರದಿ ಮಾಡಿ, ಇಲ್ಲದಿದ್ದರೆ ನಾಳೆ ಇನ್ನೊಂದು ಕುಟುಂಬ ಅಲ್ಲಿಗೇ ಹೋಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ಕೊಡುಗೆ ನೀಡುವ ವಿಭಾಗ ತೆರೆದು, ನಕ್ಷೆ ತಿದ್ದುವ ಆಯ್ಕೆಯಲ್ಲಿ ರಸ್ತೆ ಸೇರಿಸು ಅಥವಾ ಸರಿಪಡಿಸು ಎಂಬುದನ್ನು ಒತ್ತಿ, ಆ ತುಂಡನ್ನು ಮಾತ್ರ ಗುರುತಿಸಿ. "ದಾರಿ ಸರಿಯಿಲ್ಲ" ಎಂದು ಬರೆದರೆ ಪ್ರಯೋಜನವಿಲ್ಲ. ಖಾಸಗಿ ಎಸ್ಟೇಟ್ ರಸ್ತೆ, ಗೇಟು ಇದೆ; ಹಳ್ಳಕ್ಕೆ ಸೇತುವೆ ಇಲ್ಲ; ಅಗಲ ಒಂದು ಟ್ರ್ಯಾಕ್ಟರಿನಷ್ಟೇ; ಹೀಗೆ ಒಂದೊಂದು ಸಂಗತಿ ಬರೆದು, ಗೇಟಿನ ಬೋರ್ಡ್ ಓದಲು ಬರುವಂಥ ಫೋಟೊ ಹಾಕಿ. ತಿರಸ್ಕೃತವಾದರೆ ಇನ್ನೊಬ್ಬರ ಖಾತೆಯಿಂದ ಮತ್ತೆ ಕಳಿಸಿ, ಊರಿನ ಮೂರ್ನಾಲ್ಕು ಜನ ಕಳಿಸಿದರೆ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರ ಒಪ್ಪಿಗೆಗೂ ಕಾಯಬೇಕಿಲ್ಲ, ಖಾತೆ ತೆರೆದು ನೀವೇ ತಿದ್ದಬಹುದು. ಆ್ಯಂಡ್ರಾಯ್ಡ್ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ನೀವು ನಿಂತ ಕಡೆಯೇ ಪ್ರಶ್ನೆ ಕೇಳುತ್ತದೆ: ಈ ರಸ್ತೆಯ ಮೇಲ್ಮೈ ಡಾಂಬರೋ ಮಣ್ಣೋ, ಈ ಅಂಗಡಿ ಇನ್ನೂ ಇದೆಯೋ. ಊರಿನ ಹೆಸರನ್ನು ಕನ್ನಡದಲ್ಲಿ ಸೇರಿಸಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೇರೆಯೇ ಜಾಗವಿದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಊರನ್ನು ನಾಲ್ಕು ರೀತಿ ಬರೆದಿರುವ ಕಡೆ, ಹುಡುಕುವವರಿಗೆ ಕನ್ನಡದ ಹೆಸರೊಂದು ಇದ್ದರೆ ನೇರವಾಗಿ ಸಿಗುತ್ತದೆ.